‘ಥೈರಾಯ್ಡ್ ಉಂಟು’ ಅಂದರೆ ಸಾಲದು, ಯಾವ ಥೈರಾಯ್ಡ್ ಎಂದು ಕೇಳಿ

ಮಟ್ಟುವಿನಲ್ಲಾಗಲಿ, ಪಕ್ಕದ ಕಟಪಾಡಿಯಲ್ಲಾಗಲಿ ನಾಲ್ಕು ಹೆಂಗಸರು ಸೇರಿದರೆ ‘ನನಗೂ ಥೈರಾಯ್ಡ್ ಉಂಟು’ ಎನ್ನುವ ಮಾತು ಬರುತ್ತದೆ. ನಿಜ ಹೇಳಬೇಕೆಂದರೆ ಥೈರಾಯ್ಡ್ ಎಲ್ಲರಿಗೂ ಉಂಟು. ಅದು ಕಾಯಿಲೆಯ ಹೆಸರಲ್ಲ, ಕುತ್ತಿಗೆಯ ಮುಂಭಾಗದಲ್ಲಿ ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿಯ ಹೆಸರು. ನಮ್ಮ ತೊಂದರೆ ಶುರುವಾಗುವುದೇ ಇಲ್ಲಿಂದ. ಹಲವು ಬಗೆಯ ಕಾಯಿಲೆಗಳಿಗೆ ಒಂದೇ ಹೆಸರಿಟ್ಟುಕೊಂಡಿದ್ದೇವೆ. ಹಾಗಾಗಿ ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಹೋಲಿಸುತ್ತೇವೆ, ಯಾರೋ ಹೇಳಿದರೆಂದು ಮಾತ್ರೆ ಬಿಡುತ್ತೇವೆ.

ಈ ಗ್ರಂಥಿಗೆ ಉರಿಯೂತ ಬರುವುದು ಮುಖ್ಯವಾಗಿ ಮೂರು ರೀತಿಯಲ್ಲಿ.

ಮೊದಲನೆಯದು ಹಶಿಮೊಟೊ. 1912ರಲ್ಲಿ ಜಪಾನಿನ ವೈದ್ಯ ಹಕಾರು ಹಶಿಮೊಟೊ ನಾಲ್ವರು ಮಹಿಳೆಯರಲ್ಲಿ ಇದನ್ನು ಗುರುತಿಸಿ ಬರೆದರು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದು ಇದರ ಕಾರಣ. ಸಾಮಾನ್ಯವಾಗಿ ನೋವಿರುವುದಿಲ್ಲ. ವರ್ಷಗಟ್ಟಲೆ ಸದ್ದಿಲ್ಲದೆ ಗ್ರಂಥಿ ಸೊರಗುತ್ತದೆ. ಸುಸ್ತು, ಮೈಭಾರ, ಮಲಬದ್ಧತೆ, ಮುಟ್ಟಿನ ಏರುಪೇರು, ಕೂದಲು ಉದುರುವುದು ಇದರ ಲಕ್ಷಣಗಳು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ಗ್ರಂಥಿ ಪೂರ್ತಿ ಸೋತರೆ ಮಾತ್ರೆ ಸಾಮಾನ್ಯವಾಗಿ ಜೀವನಪೂರ್ತಿ ಬೇಕು.

ಎರಡನೆಯದು ಬಾಣಂತಿಯರಿಗೆ, ಹೆರಿಗೆಯಾದ ಒಂದು ವರ್ಷದೊಳಗೆ ಬರುವುದು. ಕೆಲವರಿಗೆ ಮೊದಲು ಎದೆಬಡಿತ, ಕೈನಡುಕ, ಸಿಡುಕು. ಆಮೇಲೆ ಸುಸ್ತು, ಮಂಕು. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಶಾಶ್ವತವಾಗಿ ಉಳಿಯುತ್ತದೆ.

ಮೂರನೆಯದು ನೋವಿನದು. ಶೀತ ಜ್ವರ ಬಂದು ಹೋದ ಕೆಲವು ವಾರಗಳಲ್ಲಿ ಕುತ್ತಿಗೆಯ ಮುಂದೆ ನೋವು ಶುರುವಾಗಿ ಕಿವಿಯವರೆಗೂ ಹರಡುತ್ತದೆ. ಇದನ್ನು ಗಂಟಲುನೋವೆಂದು ತಿಳಿದು ಆ್ಯಂಟಿಬಯಾಟಿಕ್ ನುಂಗಿದರೆ ಪ್ರಯೋಜನವಿಲ್ಲ. ನೋವುನಿವಾರಕ ಸಾಕಾಗದಿದ್ದರೆ ವೈದ್ಯರು ಕೆಲವು ವಾರ ಸ್ಟಿರಾಯ್ಡ್ ಕೊಡುತ್ತಾರೆ. ಬಹುಪಾಲು ಜನರಿಗೆ ಕೆಲವು ತಿಂಗಳಲ್ಲಿ ಪೂರ್ತಿ ವಾಸಿಯಾಗುತ್ತದೆ.

ಈಗ ಯೋಚಿಸಿ. ಮೊದಲ ಬಗೆಯವರು ‘ರಿಪೋರ್ಟ್ ನಾರ್ಮಲ್ ಬಂತು’ ಎಂದು ಮಾತ್ರೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಮಲಗುತ್ತಾರೆ. ರಿಪೋರ್ಟ್ ನಾರ್ಮಲ್ ಬಂದದ್ದೇ ಮಾತ್ರೆಯಿಂದ. ಎರಡನೇ, ಮೂರನೇ ಬಗೆಯವರು ಮರುಪರೀಕ್ಷೆ ಮಾಡಿಸದಿದ್ದರೆ ಬೇಡವಾದ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರಬಹುದು. ಆದ್ದರಿಂದ ವೈದ್ಯರ ಮುಂದೆ ಕೂತಾಗ ಎರಡೇ ಪ್ರಶ್ನೆ ಕೇಳಿ: ನನ್ನದು ಯಾವ ಬಗೆ? ಮಾತ್ರೆ ಎಷ್ಟು ಕಾಲ? ಆ್ಯಂಟಿ ಟಿಪಿಒ ಎಂಬ ರಕ್ತಪರೀಕ್ಷೆ ಬೇಕೇ ಎಂದೂ ವಿಚಾರಿಸಿ.

ಟಿಎಸ್‌ಎಚ್ ಹೆಚ್ಚಿದ್ದರೆ ಥೈರಾಯ್ಡ್ ಜಾಸ್ತಿ ಎಂದು ಹಲವರು ತಿಳಿದಿದ್ದಾರೆ. ಅದು ಸಾಮಾನ್ಯವಾಗಿ ಉಲ್ಟಾ. ಟಿಎಸ್‌ಎಚ್ ಎಂದರೆ ಮೆದುಳಿನ ಕೆಳಗಿರುವ ಗ್ರಂಥಿಯ ಆರ್ಡರ್. ಆಳು ನಿಧಾನವಾದಷ್ಟೂ ಮೇಸ್ತ್ರಿಯ ಕೂಗು ಜೋರಾಗುತ್ತದಲ್ಲ, ಹಾಗೆ.

‘ಕಡಲ ಮೀನು ತಿನ್ನುವ ನಮಗೆ ಇದು ಹೇಗೆ ಬರುತ್ತದೆ?’ ಎಂದು ಕೇಳುವವರಿದ್ದಾರೆ. ಅಯೋಡಿನ್ ಕೊರತೆಯಿಂದ ಬರುವ ಗಳಗಂಡವೇ ಬೇರೆ. ಅದಕ್ಕಾಗಿ ದೇಶದಲ್ಲಿ 1962ರಲ್ಲಿ ಕಾರ್ಯಕ್ರಮ ಶುರುವಾಯಿತು, ಅಯೋಡಿನ್ ಉಪ್ಪು ಬಂತು. ಆ ಉಪ್ಪನ್ನು ಬಿಡಬಾರದು. ಆದರೆ ಹಶಿಮೊಟೊ ಅಯೋಡಿನ್ ಸಾಕಷ್ಟಿದ್ದವರಿಗೂ ಬರುತ್ತದೆ. ಹೆಚ್ಚುವರಿ ಅಯೋಡಿನ್ ನುಂಗಿದರೆ ವಾಸಿಯಾಗುವುದಿಲ್ಲ, ಕೆಲವರಿಗೆ ಕೆಡುತ್ತದೆ ಕೂಡ.

ಪಥ್ಯದ ಹೆಸರಲ್ಲಿ ಗುಳ್ಳವನ್ನೂ ಬಿಡಬೇಕಾಗಿಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮೂರ ಗುಳ್ಳದ ಸಾಂಬಾರು ಥೈರಾಯ್ಡಿಗೆ ಶತ್ರುವಲ್ಲ. ಬೇಯಿಸಿದ ಕೋಸು ಊಟದಲ್ಲಿ ಮಿತವಾಗಿದ್ದರೂ ಚಿಂತೆಯಿಲ್ಲ. ಶಿಸ್ತು ಬೇಕಾದದ್ದು ಮಾತ್ರೆಯಲ್ಲಿ. ಥೈರಾಕ್ಸಿನ್ ಮಾತ್ರೆಯನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ. ಚಾ, ತಿಂಡಿ ಅರ್ಧದಿಂದ ಒಂದು ಗಂಟೆ ಬಿಟ್ಟು. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರವಿರಲಿ. ನಮ್ಮ ಮಳೆಗಾಲದ ತೇವಕ್ಕೆ ಮಾತ್ರೆ ಹಾಳಾಗುತ್ತದೆ, ಡಬ್ಬಿಯ ಮುಚ್ಚಳ ಬಿಗಿಯಿರಲಿ. ಮಾತ್ರೆಯ ಪ್ರಮಾಣ ಬದಲಿಸಿದ ಆರರಿಂದ ಎಂಟು ವಾರಕ್ಕೆ ಮರುಪರೀಕ್ಷೆ ಬೇಕು. ಗರ್ಭಿಣಿಯೆಂದು ಗೊತ್ತಾದ ತಕ್ಷಣ ವೈದ್ಯರಿಗೆ ತಿಳಿಸಿ. ಆಗ ಸಾಮಾನ್ಯವಾಗಿ ಮಾತ್ರೆ ಹೆಚ್ಚು ಬೇಕಾಗುತ್ತದೆ, ಮಗುವಿನ ಮೆದುಳಿನ ಬೆಳವಣಿಗೆಗೂ ಅದೇ ಆಧಾರ.

ಆದರೆ ಎಲ್ಲ ಭಾರವನ್ನೂ ಹೆಂಗಸರ ಮೇಲೆ ಹೊರಿಸುವುದು ಸರಿಯಲ್ಲ. ಗುಳ್ಳದ ಗದ್ದೆಯಲ್ಲಿ ದುಡಿದು, ಬೀಡಿ ಕಟ್ಟಿ, ಮನೆವಾರ್ತೆ ನೋಡುವ ಹೆಂಗಸು ಸುಸ್ತೆಂದರೆ ‘ಕೆಲಸ ಜಾಸ್ತಿಯಾಯ್ತು’ ಎನ್ನುತ್ತೇವೆ. ಬಾಣಂತಿ ಅತ್ತರೆ ‘ಅದೆಲ್ಲ ಮಾಮೂಲು’ ಎನ್ನುತ್ತೇವೆ. ಮಣಿಪಾಲದಂಥ ದೊಡ್ಡ ಆಸ್ಪತ್ರೆ ಹತ್ತಿರವಿದ್ದರೂ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಲು ಮನೆಯವರ ಒಪ್ಪಿಗೆ ಬೇಕಲ್ಲ! ಬಾಣಂತಿಯ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಮಗುವಿನ ತೂಕದ ಜೊತೆ ತಾಯಿಯ ಎದೆಬಡಿತ, ಸುಸ್ತನ್ನೂ ಕೇಳುವಂತಾಗಬೇಕು. ಟಿಎಸ್‌ಎಚ್ ಪರೀಕ್ಷೆಗೆ ಊರ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ರಕ್ತ ತೆಗೆಯುವ ವ್ಯವಸ್ಥೆ ಇರಬೇಕು. ಗ್ರಾಮಸಭೆಯಲ್ಲಿ ರಸ್ತೆ, ಚರಂಡಿಯ ಜೊತೆ ಇದನ್ನೂ ಕೇಳೋಣ.

ಅಲ್ಲಿಯವರೆಗೆ, ನಿಮ್ಮ ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ಸುಸ್ತೆನ್ನುತ್ತಿದ್ದರೆ ಉಪದೇಶ ಬೇಡ. ಜೊತೆಗೆ ಹೋಗಿ ರಕ್ತಪರೀಕ್ಷೆ ಮಾಡಿಸಿ.