ದರಕ್ಕಿಂತ ನಿಲುಗಡೆ ಮುಖ್ಯ



ರೈಲು ದರ ಮತ್ತೆ ಏರಿತೆಂಬ ಕೂಗು ಅರಳಿಕಟ್ಟೆಗಳಲ್ಲೂ ಕೇಳಿಬರುತ್ತಿದೆ. ಲೆಕ್ಕ ನೋಡೋಣ. 2025ರ ಡಿಸೆಂಬರ್ 26ರ ಏರಿಕೆಯಲ್ಲಿ ಸಾಮಾನ್ಯ ಪ್ಯಾಸೆಂಜರ್ ರೈಲಿಗೆ 215 ಕಿಲೋಮೀಟರ್‌ವರೆಗೆ ಏನೂ ಹೆಚ್ಚಿಲ್ಲ. ಎಕ್ಸ್‌ಪ್ರೆಸ್ಸಿಗೆ ಕಿಲೋಮೀಟರಿಗೆ 2 ಪೈಸೆ. ನೂರು ಕಿಲೋಮೀಟರಿಗೆ ಎರಡು ರೂಪಾಯಿಯಾಯಿತು.

ನಿಜವಾದ ಪೆಟ್ಟು ಬಿದ್ದದ್ದು ಹಿಂದೆ. 2020ರ ಕೊರೋನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ರೈಲುಗಳು ‘ಸ್ಪೆಷಲ್’ ಹೆಸರಿನಲ್ಲಿ ಮರಳಿದಾಗ ಕನಿಷ್ಠ ದರ 10 ರೂಪಾಯಿ ಹೋಗಿ 30 ಆಯಿತು. ಶ್ರೀರಂಗಪಟ್ಟಣದಿಂದ ಮೈಸೂರಿಗೆ 15 ಕಿಲೋಮೀಟರ್ ಆಸುಪಾಸು. ಸೊಪ್ಪಿನ ಕಟ್ಟು ಹೊತ್ತು ಹೋಗುವ ಹೆಣ್ಣುಮಗಳು ಅಷ್ಟಕ್ಕೇ ಮೂರು ಪಟ್ಟು ತೆತ್ತಳು. ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಕಟ್ಟೆಯ ಮೇಲೆ ಇಷ್ಟು ಕೂಗು ನನಗಂತೂ ಕೇಳಿಸಲಿಲ್ಲ!

ಪಾಂಡವಪುರದವರಿಗೆ ನಿಲ್ದಾಣವಾದರೂ ಉಂಟು. ಕೆ.ಆರ್.ಪೇಟೆ, ನಾಗಮಂಗಲ ಪಟ್ಟಣಗಳಿಗೆ ಹಳಿಯೇ ಇಲ್ಲ. ಅವರು ಅಕ್ಕಿಹೆಬ್ಬಾಳಿಗೋ, 2017ರಲ್ಲಿ ತೆರೆದ ಬೆಂಗಳೂರು–ಹಾಸನ ಮಾರ್ಗದ ಬಿ.ಜಿ.ನಗರಕ್ಕೋ ಬಸ್ಸು ಹಿಡಿಯಬೇಕು. ಬಸ್ಸಿಗೆ ತೆತ್ತು ಹೋದಮೇಲೆ ರೈಲು ಅಲ್ಲಿ ನಿಲ್ಲದಿದ್ದರೆ, ಹೊತ್ತಿಗೆ ಬಾರದಿದ್ದರೆ, ದರ ಅಗ್ಗವಾಗಿ ಫಲವೇನು? ಸೊಪ್ಪು ಬಾಡಿದರೆ ಹೋಗುವುದು ಎರಡು ರೂಪಾಯಿಯಲ್ಲ.

ಪಂಚಾಯಿತಿಯಿಂದ ರೈಲ್ವೆಗೆ ಮನವಿ ಕಳಿಸುವಾಗ ‘ದರ ಇಳಿಸಿ’ ಎಂಬುದನ್ನು ಕೆಳಗಿಡಿ. ಬೆಳಗಿನ ಪ್ಯಾಸೆಂಜರ್ ರೈಲು, ಅದರ ನಿಲುಗಡೆ, ಅದು ಸಂತೆಯ ಹೊತ್ತಿಗೆ ತಲುಪಬೇಕಾದ ಗಂಟೆ, ಇವನ್ನು ಮೊದಲ ಸಾಲಿನಲ್ಲೇ ಬರೆಯಿರಿ.