ದುಡಿಮೆ ವ್ಯಾಯಾಮ ಅಲ್ರಿ

ಮೊನ್ನೆ ನಮ್ಮ ಸಭೆಯಲ್ಲಿ ಆರೋಗ್ಯ ಶಿಬಿರದ ಮಾತು ಬಂತು. ಬಿಪಿ, ಶುಗರ್ ನೋಡೋರ ಜೊತೆಗೆ ಒಬ್ಬರು ಫಿಜಿಯೊಥೆರಪಿಸ್ಟ್‌ನ್ನೂ ಕರೆಸೋಣ ಅಂದೆ. ಇಪ್ಪತ್ತು ವರ್ಷ ನನ್ನ ಜೊತೆ ನೀಲಿ ಬಾವುಟ ಹಿಡಿದ ಸಂಗಾತಿಯೊಬ್ಬ ನಕ್ಕುಬಿಟ್ಟ. "ಯಕ್ಕಾ, ವ್ಯಾಯಾಮ ಕುಂತು ಉಣ್ಣೋರಿಗೆ. ನಮ್ಮ ಅವ್ವಂದಿರು ಹುಟ್ಟಿದಾಗಿಂದ ವ್ಯಾಯಾಮನೇ ಮಾಡ್ಯಾರಲ್ಲ!" ಎಲ್ಲರೂ ನಕ್ಕರು. ನಾನೂ ಅರ್ಧ ನಕ್ಕೆ. ಮನಿಗೆ ಬಂದ ಮ್ಯಾಲೆ ಆ ಅರ್ಧ ನಗು ಗಂಟಲಾಗ ಸಿಕ್ಕೊಂಡು ಕುಂತದ. ಅದಕ್ಕೇ ಇದನ್ನ ಬರೀತಿದ್ದೀನಿ. ಉದ್ದ ಆಗ್ತದ, ಬೈದ್ರೂ ಪರವಾಗಿಲ್ಲ, ಪೂರಾ ಓದಿ ಬೈರಿ.

ನಮ್ಮವ್ವ ಪರ್ಸಿ ಕಲ್ಲು ಹೊತ್ತವಳು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ನೆಲದ ಕೆಳಗಿನ ಸುಣ್ಣಕಲ್ಲು ಒಂದು ಕಡೆ ಸಿಮೆಂಟ್ ಆಗ್ತದ, ಇನ್ನೊಂದು ಕಡೆ ಹಾಸುಗಲ್ಲಾಗಿ ಶಹಾಬಾದ್ ಕಲ್ಲು ಅನ್ನೋ ಹೆಸರಲ್ಲಿ ಊರೂರಿನ ನೆಲಕ್ಕೆ ಹೋಗ್ತದ. ಕಲ್ಲಿನ ಕೆಲಸ ಇಲ್ಲದ ದಿನ ತೊಗರಿ ಹೊಲ. ಬಗ್ಗಿ ಕಳೆ ತೆಗಿ, ಬಗ್ಗಿ ಕೊಯ್ಯಿ, ಹೊರೆ ಹೊರು. ಮನಿಗೆ ಬಂದರ ನೀರು, ಕಟ್ಟಿಗೆ, ರೊಟ್ಟಿ. ಅರವತ್ತಕ್ಕೆ ಬರೋ ಹೊತ್ತಿಗೆ ಆಕಿ ನೆಲದಿಂದ ಏಳಬೇಕಂದ್ರ ಎರಡೂ ಕೈ ನೆಲಕ್ಕೂರಿ, ಮೊದಲು ಹಿಂದಿನ ಭಾಗ ಎತ್ತಿ, ಆಮ್ಯಾಲೆ ಗ್ವಾಡಿ ಹಿಡೀಬೇಕಾಗಿತ್ತು. ದವಾಖಾನಿಗೆ ಹೋದರೆ "ವಯಸ್ಸಾತು ಬಿಡವ್ವಾ" ಅಂತ ಒಂದು ಮಾತು, ನೋವಿಗೆ ಒಂದು ಸೂಜಿ. ಆ ಸೂಜಿಯಲ್ಲೇ ಮೂರು ವರ್ಷ ಹೋದವು. ಒಂದು ಸಂಜೆ ಬಚ್ಚಲದಾಗ ಕಾಲು ಜಾರಿ ತೊಡೆಯ ಮ್ಯಾಲಿನ ಎಲುಬು ಮುರೀತು. ಆಪರೇಷನ್ ಆತು, ಮನಿಗೆ ಕಳಿಸಿದರು. ಚೀಟಿಯ ಕೊನೆಯಲ್ಲಿ ಒಂದು ಶಬ್ದ ಇತ್ತು: ಫಿಜಿಯೊಥೆರಪಿ. ಅದು ಎಲ್ಲಿ ಸಿಗ್ತದ, ಯಾರು ಮಾಡ್ತಾರ, ಮನಿಯಾಗ ಏನು ಮಾಡಬೇಕು, ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಓದಿದವಳು, ಮೈಕ್ ಹಿಡಿದರೆ ಒಂದು ತಾಸು ಮಾತಾಡುವವಳು, ಆ ಒಂದು ಶಬ್ದಕ್ಕೆ ಅರ್ಥ ಕೇಳಲಿಲ್ಲ. ಅವ್ವ ಹೊರಸು ಬಿಟ್ಟು ಏಳಲೇ ಇಲ್ಲ.

ಹಂಗಾಗಿ "ನಮ್ಮೋರು ದುಡೀತಾರ, ಅವರಿಗ್ಯಾಕೆ ವ್ಯಾಯಾಮ" ಅನ್ನೋ ಮಾತು ನನಗೆ ಬರೀ ಚರ್ಚೆಯ ವಿಷಯ ಅಲ್ಲ.

ದುಡಿಮೆಗೂ ವ್ಯಾಯಾಮಕ್ಕೂ ಇರೋ ಫರಕು ನೋಡ್ರಿ. ವ್ಯಾಯಾಮದಲ್ಲಿ ಎಷ್ಟು ಭಾರ ಎತ್ತಬೇಕು, ಎಷ್ಟು ಸಲ ಎತ್ತಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ನಿಮ್ಮ ಕೈಯಲ್ಲಿರ್ತದ. ಕೂಲಿಯಲ್ಲಿ ಅದು ಗುತ್ತಿಗೆದಾರನ ಕೈಯಲ್ಲಿರ್ತದ. ವ್ಯಾಯಾಮ ದಣಿದ ಸ್ನಾಯುವಿಗೆ ಒಂದು ದಿನ ಬಿಡುವು ಕೊಟ್ಟು ಅದನ್ನ ಗಟ್ಟಿ ಮಾಡ್ತದ. ಕೂಲಿ ಬಿಡುವು ಕೊಡಲ್ಲ. ಎಂಟು ತಾಸು ಅದೇ ನಡ, ಅದೇ ಮೊಣಕಾಲು, ಅದೇ ಹೆಗಲು ತಿಕ್ಕಿ ಸವೀತಾವ. ಇದು ನನ್ನ ಭಾಷಣ ಅಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನ ಹತ್ತು ವರ್ಷದಷ್ಟು ಗಮನಿಸಿ 2021ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದರು. ಬಿಡುವಿನ ಹೊತ್ತಿನಲ್ಲಿ ಮೈ ಆಡಿಸೋರಿಗೆ ಹೃದಯದ ಕಾಯಿಲೆ ಕಡಿಮೆ ಬಂದಿತ್ತು. ಕೆಲಸದಲ್ಲಿ ಮೈ ದಣಿಸೋರಿಗೆ ಹೆಚ್ಚು ಬಂದಿತ್ತು. ಇದರಲ್ಲಿ ಕೆಲಸದ ಪಾಲೆಷ್ಟು, ಬಡತನದ ಪಾಲೆಷ್ಟು ಅಂತ ಪಂಡಿತರ ನಡುವೆ ತಕರಾರು ಅದ, ಇರಲಿ. ನಮ್ಮ ಕೇರಿಯಲ್ಲಿ ಅವೆರಡನ್ನೂ ಬೇರೆ ಮಾಡಿ ತೋರಿಸೋರು ಯಾರದಾರ?

ಆದಿತ್ಯನಗರದ ಕಾಲೊನಿಯಲ್ಲಿ ಬೆಳಗ್ಗೆ ಬೂಟು ಹಾಕ್ಕೊಂಡು ವಾಕಿಂಗ್ ಮಾಡೋರನ್ನ ನೋಡಿ ನಮ್ಮ ಹುಡುಗರು ನಗ್ತಾರ. ನಗಬ್ಯಾಡ್ರಿ. ಅವರು ಮಾಡೋದು ಸರಿಯಾಗೇ ಅದ. ಸಿಟ್ಟು ಬರಬೇಕಾದ್ದು ಬೇರೆ ಕಡೆ. ಅದೇ ಹೊತ್ತಿಗೆ ಕಸಬರಿಗೆ, ಬುಟ್ಟಿ ಹಿಡಿದು ಕೆಲಸಕ್ಕೆ ನಡೆಯೋ ನಮ್ಮ ಅಕ್ಕಂದಿರೂ ಅಷ್ಟೇ ದೂರ ನಡೀತಾರ. ಒಬ್ಬರ ನಡಿಗೆಗೆ ಆರೋಗ್ಯ ಅಂತ ಹೆಸರು, ಇನ್ನೊಬ್ಬರದಕ್ಕೆ ಹೆಸರೇ ಇಲ್ಲ.

ಇನ್ನು ಕಾನೂನು. ಕಲಬುರಗಿಯ ದೊಡ್ಡ ಇಎಸ್‌ಐ ಆಸ್ಪತ್ರೆ ನಿಂತಿರೋದು ಸೇಡಂ ರಸ್ತೆಯಲ್ಲೇ. ಆದರೆ 1948ರ ಇಎಸ್‌ಐ ಕಾಯ್ದೆ "ಕಾರ್ಖಾನೆ" ಅನ್ನೋ ಶಬ್ದಕ್ಕೆ ಅರ್ಥ ಬರೆಯುವಾಗಲೇ ಗಣಿ ಕಾನೂನಿನ ಕೆಳಗೆ ಬರೋ ಗಣಿಗಳನ್ನ ಹೊರಗಿಟ್ಟಿತು. ಕಲ್ಲು ಎಬ್ಬಿಸಿದವಳು ಒಂದು ಶಬ್ದದ ಅರ್ಥದಿಂದಾಗಿ ಹೊರಗುಳಿದಳು. ಹೊರಗಿಡೋದು ನಮಗೆ ಹೊಸದೇನಲ್ಲ ಬಿಡ್ರಿ.

ಈಗ ಹೇಳೋದು ಇದಕ್ಕಿಂತ ಕೆಟ್ಟದ್ದು. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ, ಕೇರಿಗಳಲ್ಲಿ ಗರ್ಭಚೀಲ ತೆಗೆದ ಪ್ರಕರಣ ನೆನಪದ ಏನು? 2015ರಲ್ಲಿ ಹೊರಬಿತ್ತು. ಎರಡು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು, ಬಹುತೇಕ ಲಂಬಾಣಿಗರು ಮತ್ತು ದಲಿತರು. ಸರಕಾರದ ತನಿಖಾ ಸಮಿತಿ ಬಂತು, ವರದಿ ಬಂತು. 2017ರ ಫೆಬ್ರವರಿಯಲ್ಲಿ ಆ ಹೆಣ್ಣುಮಕ್ಕಳೇ ಕಲಬುರಗಿಯಲ್ಲಿ ಬೀದಿಗಿಳಿದು ನ್ಯಾಯ ಕೇಳಿದರು. ಅವರು ಯಾಕೆ ದವಾಖಾನಿಗೆ ಹೋಗಿದ್ದರು? ನಡ ನೋವು. ಹೊಟ್ಟೆ ನೋವು. ಬಿಳಿ ಹೋಗೋದು. "ಕ್ಯಾನ್ಸರ್ ಆಗ್ತದ" ಅಂತ ಹೆದರಿಸಿದರು, ಚೀಲ ತೆಗೆದರು. ಮೂವತ್ತೈದೂ ದಾಟದವರು ಅವರಲ್ಲಿ ಎಷ್ಟೋ ಮಂದಿ ಇದ್ದರು.

ಈ ಪ್ರಕರಣವನ್ನ ನಾವು ವೈದ್ಯಕೀಯ ಲೂಟಿ ಅಂತ ಬೈದೆವು. ಸರಿಯಾಗೇ ಬೈದೆವು. ಆದರೆ ಅರ್ಧಕ್ಕೆ ನಿಲ್ಲಿಸಿದೆವು. ಹೊರೆ ಹೊತ್ತು, ಹೆರಿಗೆಯಾದ ಸ್ವಲ್ಪ ದಿನಕ್ಕೇ ಹೊಲಕ್ಕೆ ಹೋಗಿ ನೊಂದ ನಡಕ್ಕೆ ಮೊದಲ ಚಿಕಿತ್ಸೆ ಚಾಕು ಅಲ್ಲ, ಹೊಟ್ಟೆ-ಬೆನ್ನಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ, ಭಾರ ಎತ್ತೋ ರೀತಿ ಕಲಿಸೋದು. ಅದನ್ನ ಹೇಳಿಕೊಡೋರು ಆ ತಾಂಡಾಗಳ ಹತ್ತಿರ ಒಬ್ಬರಾದರೂ ಇದ್ದಿದ್ದರೆ? ಚಿಂಚೋಳಿ, ಚಿತ್ತಾಪುರದ ಹೆಣ್ಣುಮಗಳಿಗೆ ಸಿಕ್ಕಿದ್ದು ಎರಡೇ ದಾರಿ: ಸೂಜಿ, ಇಲ್ಲಾ ಚಾಕು. ಚೀಲ ತೆಗೆದವರಿಗೆ ಮುಟ್ಟು ನಿಲ್ಲೋ ಬದಲಾವಣೆಗಳು ಬೇಗ ಬರ್ತಾವ. ಅಂಡಾಶಯವನ್ನೂ ತೆಗೆದಿದ್ದರೆ ಎಲುಬು ಇನ್ನೂ ಬೇಗ ಟೊಳ್ಳಾಗ್ತದ. ಆ ಅಕ್ಕಂದಿರು ಈಗ ನಲವತ್ತು, ಐವತ್ತರ ಹತ್ತಿರ ಬಂದಾರ. ನಾಳೆ ಬಚ್ಚಲದಾಗ ಜಾರಿ ಬೀಳೋರು ಅವರೇ. ಪರಿಹಾರದ ಹಣದ ಜೊತೆಗೆ ಅವರಿಗೆ ಎಲುಬಿನ ತಪಾಸಣೆ, ವ್ಯಾಯಾಮದ ತರಬೇತಿ ಕೊಡ್ರಿ ಅಂತ ನಮ್ಮ ಯಾವ ಮನವಿ ಪತ್ರದಾಗಾದರೂ ಬರೆದೀವಾ? ನಾನು ಹಳೇ ಫೈಲು ತೆಗೆದು ನೋಡಿದೆ. ನಾನೇ ಬರೆದ ಪತ್ರಗಳಲ್ಲಿ ಇಲ್ಲ.

ಇನ್ನೊಂದು, ನಾಚಿಕೆ ಬಿಟ್ಟು ಹೇಳ್ತೀನಿ. ಗಂಡಸರೂ ಓದ್ರಿ. ಬೆಂಗಳೂರಿನ ಧರಣಿಗೆ ಹೋಗುವಾಗ ವಾಡಿಯಲ್ಲಿ ರೈಲು ಹತ್ತಿದ ನಮ್ಮ ಅಕ್ಕಂದಿರು ದಾರಿಯುದ್ದಕ್ಕೂ ನೀರು ಕುಡಿಯೋದಿಲ್ಲ. ಯಾಕಂದ್ರ ಕೆಮ್ಮಿದರೆ, ನಕ್ಕರೆ, ಘೋಷಣೆ ಕೂಗಿದರೆ ಮೂತ್ರ ಸೋರ್ತದ. "ಜೈ ಭೀಮ್" ಅಂತ ಜೋರಾಗಿ ಕೂಗಲಾಕೂ ಹೆದರಿಕೆ. ಹೆರಿಗೆ ಆದವರಿಗೆ, ಭಾರ ಹೊತ್ತವರಿಗೆ ಕೆಳಹೊಟ್ಟೆಯ ತಳದ ಸ್ನಾಯು ಸಡಿಲಾಗಿ ಹಿಂಗಾಗ್ತದ. ಇದಕ್ಕೆ ಮೊದಲು ಮಾಡಬೇಕಾದ್ದು ಆ ಸ್ನಾಯುವಿನ ವ್ಯಾಯಾಮ. ಮೂತ್ರ ತಡೆಯುವಾಗ ಬಿಗಿ ಹಿಡಿತೀವಲ್ಲ, ಆ ಸ್ನಾಯುವನ್ನ ಬಿಗಿ ಹಿಡಿದು ಬಿಡೋದು, ದಿನಾ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಕುಂತಲ್ಲೇ ಮಾಡಬಹುದು, ಯಾರಿಗೂ ಗೊತ್ತಾಗಲ್ಲ, ಒಂದು ರೂಪಾಯಿ ಖರ್ಚಿಲ್ಲ. ಸರಿಯಾಗಿ ಹಿಡಿದೀವೋ ಇಲ್ಲೋ ಅಂತ ಒಮ್ಮೆ ನೋಡಿ ಹೇಳೋರು ಬೇಕು, ಅಷ್ಟೇ. ಆ "ಅಷ್ಟೇ" ನಮಗೆ ಸಿಕ್ಕಿಲ್ಲ.

ಸರಕಾರದ ಹತ್ರ ಕಾಗದ ಇಲ್ಲ ಅಂತಲ್ಲ. ವೃದ್ಧರ ಆರೋಗ್ಯಕ್ಕಂತಲೇ ಕೇಂದ್ರ ಸರಕಾರ 2010–11ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡ್ತು. ಅದರ ಮಾರ್ಗಸೂಚಿಯಲ್ಲೇ ಅದ: ಸಮುದಾಯ ಆರೋಗ್ಯ ಕೇಂದ್ರದಲ್ಲಿ ವಾರಕ್ಕೆ ಎರಡು ಸಲ ಹಿರಿಯರ ಕ್ಲಿನಿಕ್, ಫಿಜಿಯೊಥೆರಪಿಗೆ ಪುನರ್ವಸತಿ ಘಟಕ, ಹಾಸಿಗೆ ಹಿಡಿದವರ ಮನೆಗೇ ಹೋಗಿ ನೋಡೋ ಪುನರ್ವಸತಿ ಕಾರ್ಯಕರ್ತ. ಮನೆಗೇ ಹೋಗಿ! ಇದನ್ನ ಓದಿದ ರಾತ್ರಿ ನನಗೆ ನಿದ್ದಿ ಬರಲಿಲ್ಲ. ಅವ್ವನ ಹೊರಸು ಕಣ್ಣಿಗೆ ಕಟ್ಟಿತ್ತು. ಜೂನ್ 21ಕ್ಕೆ ಯೋಗ ದಿನದ ಚಾಪೆ ಹಾಸಿ ಫೋಟೊ ತೆಗೆಸಿಕೊಳ್ಳೋರನ್ನ ನಾನು ಬೈಯೋದಿಲ್ಲ. ಉಳಿದ 364 ದಿನ ಈ ಕಾಗದ ಎಲ್ಲಿರ್ತದ ಅಂತ ಕೇಳ್ತೀನಿ.

ನಮ್ಮೋರಿಗೂ ಎರಡು ಮಾತು. ಬಾಬಾಸಾಹೇಬರು 1928ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆಯ ಪರ ನಿಂತರು. ದುಡಿಯೋ ಹೆಂಗಸಿನ ವಿಶ್ರಾಂತಿಯ ಖರ್ಚಿನಲ್ಲಿ, ಆಕೆಯ ದುಡಿಮೆಯಿಂದ ಲಾಭ ಪಡೆಯೋ ಮಾಲೀಕನಿಗೂ ಪಾಲಿರಬೇಕು ಅಂತ ವಾದಿಸಿದರು. ಅವರೇ ಕೊನೆಯ ವರ್ಷಗಳಲ್ಲಿ ಮಧುಮೇಹ, ಕಾಲುನೋವಿನಿಂದ ನರಳಿ, ಕೋಲು ಹಿಡಿದು, ಇನ್ನೊಬ್ಬರ ಹೆಗಲ ಆಸರೆಯಲ್ಲಿ ನಡೆದರು. ದೇಹದ ನೋವು ಅವರಿಗೆ ರಾಜಕೀಯದಿಂದ ಹೊರಗಿನ ವಿಷಯ ಆಗಿರಲಿಲ್ಲ. ನಮಗ್ಯಾಕೆ ಆಗ್ಯದ? ನಮ್ಮ ಸಭೆಗಳಲ್ಲಿ ವೇದಿಕೆ ಮ್ಯಾಲೆ ಕುರ್ಚಿ ನಮಗೆ, ಮುಂದಿನ ಸಾಲಿನ ಜಮಖಾನ ಅವ್ವಂದಿರಿಗೆ. ನಾಲ್ಕು ತಾಸು ನೆಲದ ಮ್ಯಾಲೆ ಕುಂದ್ರಿಸಿ, ಎದ್ದು ನಿಲ್ಲಲಾಕ ಬರದೆ ಪರದಾಡುವಾಗ ಫೋಟೊ ಹೊಡೆದು "ಹೋರಾಟದ ತಾಯಂದಿರು" ಅಂತ ಹಾಕ್ತೀವಿ. ನಾನೂ ಹಾಕೀನಿ.

ತಜ್ಞರು ಸಿಗೋತನಕ ಮನಿಯಾಗ ಶುರು ಮಾಡಬಹುದಾದ್ದು ಸ್ವಲ್ಪ ಅದ. ಮೊಣಕಾಲಿನ ಕೆಳಗೆ ಸುತ್ತಿದ ಟವಲ್ ಇಟ್ಟು ಅದನ್ನ ಒತ್ತಿ ಐದು ಎಣಿಸಿ ಬಿಡೋದು. ಗಟ್ಟಿ ಕುರ್ಚಿಯಿಂದ ಕೈ ಊರದೆ ಎದ್ದು ಕುಂದ್ರೋದು, ಮೊದಲು ಐದು ಸಲ, ಬರಬರ್ತಾ ಹತ್ತು. ಗ್ವಾಡಿ ಹಿಡಿದು ಹಿಮ್ಮಡಿ ಎತ್ತೋದು. ಗ್ವಾಡಿ ಪಕ್ಕದಲ್ಲೇ ಒಂಟಿ ಕಾಲ ಮ್ಯಾಲೆ ನಿಂದ್ರೋದು. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲನದ, ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇದಕ್ಕೇ, ಬೀಳಬಾರದು ಅಂತ. ಎದೆ ನೋವು, ತಲೆ ಸುತ್ತು ಇದ್ದೋರು, ಹೊಸದಾಗಿ ಎಲುಬು ಮುರಿದೋರು ಮೊದಲು ಡಾಕ್ಟರನ್ನ ಕೇಳ್ರಿ.

ಈ ವಾರ ಒಂದು ಮಾಹಿತಿ ಹಕ್ಕು ಅರ್ಜಿ ಹಾಕ್ತಿದ್ದೀನಿ. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ತಾಲ್ಲೂಕಿನಲ್ಲಿ ಈ ಕಾರ್ಯಕ್ರಮದಡಿ ಎಷ್ಟು ಹುದ್ದೆ ಮಂಜೂರಾಗ್ಯಾವ, ಎಷ್ಟು ತುಂಬ್ಯಾವ, ಕಳೆದ ವರ್ಷ ಎಷ್ಟು ಮನೆಗೆ ಹೋಗ್ಯಾರ, ಇವಿಷ್ಟೇ ಪ್ರಶ್ನೆ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಇದ್ದೋರಿಗೆ ಅದೂ ಇಲ್ಲ. ನಿಮ್ಮ ನಿಮ್ಮ ತಾಲ್ಲೂಕಿಗೆ ನೀವೂ ಹಾಕ್ರಿ, ನಕಲು ಬೇಕಂದ್ರ ಇನ್‌ಬಾಕ್ಸಿಗೆ ಬರ್ರಿ. ಮುಂದಿನ ಸಭೆಗೆ ಇಪ್ಪತ್ತು ಕುರ್ಚಿ ತರೋ ಕೆಲಸ ನಕ್ಕ ಆ ಸಂಗಾತಿಗೇ ಒಪ್ಪಿಸೀನಿ. ಪ್ಲಾಸ್ಟಿಕ್ ಬ್ಯಾಡಪ್ಪಾ, ಜಾರ್ತಾವ.