ಕಿವಿಯ ಬೇನೆಯೋ, ದವಡೆಯ ಬೇನೆಯೋ?

ಕಿವಿ ಸೋರುವುದಿಲ್ಲ, ಜ್ವರವಿಲ್ಲ, ವೈದ್ಯರು ದೀಪ ಹಿಡಿದು ನೋಡಿದರೂ ಒಳಗೆ ದೋಷ ಕಾಣದು. ಆದರೂ ಕಿವಿಯ ಸುತ್ತಲಿನ ನೋವು ಬಿಡದು. ಇಂತಹ ಬೇನೆಯ ಮೂಲವು ಹಲವು ವೇಳೆ ದವಡೆಯಲ್ಲಿರುವುದು. ಕಡಕ ರೊಟ್ಟಿಯ ಊಟವೂ ಅಡಕೆ ತಂಬಾಕುಗಳ ಅಭ್ಯಾಸವೂ ಉಳ್ಳ ಯಾದಗಿರಿ, ಶಹಾಪುರ, ಸುರಪುರಗಳ ಗೃಹಸ್ಥರು ಇದನ್ನು ಅರಿತಿರುವುದು ಒಳ್ಳೆಯದು.

ಕೆಳದವಡೆಯ ಕೀಲು ಕಿವಿಯ ರಂಧ್ರದ ಮುಂದೆಯೇ ಇದೆ. ಅಲ್ಲಿ ಬೆರಳಿಟ್ಟು ಬಾಯಿ ತೆರೆದು ಮುಚ್ಚಿದರೆ ಅದರ ಚಲನೆ ತಿಳಿಯುವುದು. ಈ ಕೀಲಿಗೂ, ಅಗಿಯುವ ಸ್ನಾಯುಗಳಿಗೂ, ಕೆಳಹಲ್ಲುಗಳಿಗೂ, ಕಿವಿಯ ಒಂದು ಭಾಗಕ್ಕೂ ಒಂದೇ ನರದ ಕವಲುಗಳು ಹೋಗುವುದರಿಂದ ಒಂದೆಡೆಯ ನೋವು ಇನ್ನೊಂದೆಡೆಯದೆಂದು ತೋರುವುದು. ಅಮೇರಿಕದ ಕಿವಿವೈದ್ಯ ಜೇಮ್ಸ್ ಕಾಸ್ಟೆನ್ ಎಂಬವರು ೧೯೩೪ರಲ್ಲಿ ಈ ಸಂಬಂಧವನ್ನು ಕುರಿತು ಬರೆದರು. ಅವರು ಕೊಟ್ಟ ಕಾರಣಗಳು ಮುಂದೆ ನಿಲ್ಲಲಿಲ್ಲ. ಕಿವಿ ನೊಂದಾಗ ದವಡೆಯನ್ನೂ ನೋಡಬೇಕೆಂಬ ಮಾತು ನಿಂತಿತು.

ಅಗಿಯುವಾಗಲೂ ಆಕಳಿಸುವಾಗಲೂ ನೋವು ಹೆಚ್ಚಿದರೆ, ಕೀಲಿನಲ್ಲಿ ಕಟಕಟ ಸದ್ದಾದರೆ, ಬೆಳಿಗ್ಗೆ ದವಡೆ ಬಿಗಿದಿದ್ದರೆ ಕೀಲನ್ನು ಶಂಕಿಸಬೇಕು. ನಿದ್ದೆಯಲ್ಲಿ ಹಲ್ಲು ಕಡಿಯುವುದೂ ಮನಸ್ಸಿನ ಚಿಂತೆಯೂ ಇದನ್ನು ಹೆಚ್ಚಿಸುವುವು.

ಇದಕ್ಕೆ ಮೊದಲ ಔಷಧವು ವಿಶ್ರಾಂತಿ. ಕೆಲವು ವಾರ ಕಡಕ ರೊಟ್ಟಿ, ಹುರಿದ ಶೇಂಗಾ, ಕಬ್ಬು ಇವುಗಳನ್ನು ಬಿಟ್ಟು ಜೋಳದ ನುಚ್ಚು, ಅಂಬಲಿ, ಮೆತ್ತಗಿನ ಅನ್ನ, ಇಲ್ಲವೆ ಬೇಳೆಯಲ್ಲಿ ನೆನೆಸಿದ ಬಿಸಿರೊಟ್ಟಿ ಉಣ್ಣತಕ್ಕದ್ದು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ದಿನಕ್ಕೆ ಎರಡು ಮೂರು ಬಾರಿ, ೧೫ ನಿಮಿಷ, ಹಿತವಾಗಿ ಶಾಖ ಕೊಡಬೇಕು. ಬಾಯಿ ಮುಚ್ಚಿದ್ದಾಗ ಮೇಲು ಕೆಳಗಿನ ಹಲ್ಲುಗಳು ತಾಗದಂತೆ ದವಡೆಯನ್ನು ಸಡಿಲವಾಗಿಡಬೇಕು. ಆಕಳಿಕೆ ಬಂದಾಗ ಗದ್ದಕ್ಕೆ ಕೈ ಆನಿಸುವುದು ಲೇಸು. ಕಿವಿಗೆ ಕಾಸಿದ ಎಣ್ಣೆಯನ್ನಾಗಲಿ ಬೆಳ್ಳುಳ್ಳಿಯ ರಸವನ್ನಾಗಲಿ ಹಾಕಲೇಕೂಡದು.

ಆದರೆ ಎಲ್ಲ ನೋವನ್ನೂ ಕೀಲಿನದೆಂದು ತಿಳಿದು ಕುಳಿತಿರುವುದು ಅಪಾಯ. ಅಡಕೆ, ಗುಟಕಾಗಳಿಂದ ಬಾಯಿಯ ಒಳಪದರು ಗಡುಸಾಗಿ ಬಾಯಿ ತೆರೆಯದಂತಾಗುವುದುಂಟು. ತಮ್ಮವೇ ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯದವರು ವೈದ್ಯರಿಗೆ ತೋರಿಸಬೇಕು. ನಾಲಗೆಯ ಅಥವಾ ಗಂಟಲಿನ ಅರ್ಬುದರೋಗವು ಕೆಲವೊಮ್ಮೆ ಒಂದು ಕಿವಿಯ ನೋವಾಗಿಯೇ ತೋರುವುದು. ಬಾಯಿಯ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ನುಂಗುವುದು ಕಷ್ಟವಾದರೆ, ಕತ್ತಿನಲ್ಲಿ ಗಂಟು ಕಂಡರೆ ತಡಮಾಡದೆ ತಾಲ್ಲೂಕಿನ ಇಲ್ಲವೆ ಜಿಲ್ಲೆಯ ಆಸ್ಪತ್ರೆಗೆ ಹೋಗತಕ್ಕದ್ದು. ವಯಸ್ಸಾದವರಲ್ಲಿ ಹೊಸದಾಗಿ ಕಣತಲೆ ನೊಂದು, ಅಗಿಯುವಾಗ ದವಡೆ ಸೋತರೆ ದೃಷ್ಟಿಗೇ ಅಪಾಯವುಂಟು. ದವಡೆಯ ನೋವಿನೊಡನೆ ಎದೆ ಹಿಡಿದಂತಾಗಿ ಬೆವರು ಬಂದರೆ ಅದು ಹೃದಯದ ಕರೆ. ಗಾಯವಾದ ಬಳಿಕ ದವಡೆ ಕಚ್ಚಿಕೊಂಡರೆ ಧನುರ್ವಾಯುವಿನ ಶಂಕೆ. ಇವೆರಡರಲ್ಲಿ ಒಂದು ಗಳಿಗೆಯೂ ಕಾಯಕೂಡದು.

ತಂಬಾಕು ಹಾಕುವ ಹಿರಿಯರು ಬಾಯಿಯ ಹುಣ್ಣನ್ನು ಸಂಕೋಚದಿಂದ ಮರೆಮಾಡುವುದುಂಟು. ಅವರನ್ನು ಗದರಿಸದೆ, ತಿಂಗಳಿಗೊಮ್ಮೆ ಬೆಳಕಿಗೆ ಕೂರಿಸಿ ಬಾಯಿಯನ್ನು ನೋಡುವ ಪದ್ಧತಿಯನ್ನು ಪ್ರತಿಯೊಂದು ಮನೆಯವರೂ ಇಟ್ಟುಕೊಳ್ಳಲಿ.